ಲೂಟವ್ವನ ಹಗೇವು

ಕುಸುಬಿಹಾಳದಲ್ಲಿ ಬಸ್ಸಿಳಿದು, ಹಿಟ್ಟಿನ ಗಿರಣಿಯನ್ನು ಎಡಕ್ಕೆ ಬಿಟ್ಟು ಹಳೆಯ ಗೌಡರ ವಾಡೆಯ ಕಡೆಗೆ ನಡೆದರೆ, ಗೋಡೆ ಕುಸಿದ ಹಿತ್ತಿಲಿನಲ್ಲಿ ಒಂದು ಮುದಿ ಬೇವಿನ ಮರ ಸಿಗುತ್ತದೆ. ಮರದಿಂದ ತುಸು ದೂರದಲ್ಲಿ ಬೀಸುಕಲ್ಲಿನಗಲದ ಒಂದು ಚಪ್ಪಡಿ ನೆಲಕ್ಕೆ ಅಂಟಿಕೊಂಡಂತೆ ಬಿದ್ದಿದೆ. ಅದರ ಸುತ್ತ ಬಳೆಯ ಹಾಗೆ ದುಂಡಗೆ ಬೆಳೆದ ಹಸಿರು ಹುಲ್ಲು. ಊರ ಸುತ್ತಲಿನ ಎರೆಹೊಲ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಾಗಲೂ ಆ ಹುಲ್ಲು ಒಣಗಿದ್ದನ್ನು ಕಂಡವರಿಲ್ಲ ಎನ್ನುತ್ತಾರೆ. ಹುಲ್ಲಿನಾಚೆಗೆ ಮಣ್ಣು ಕಾಣುವುದೇ ಇಲ್ಲ. ಬರೀ ಗಡಿಗೆಯ ಚೂರು. ಕೆಂಪು, ಕಪ್ಪು, ಹೊಗೆ ಹಿಡಿದದ್ದು, ಕಂಠದ್ದು, ತಳದ್ದು, ತಲೆಮಾರುಗಳಿಂದ ಒಂದರ ಮೇಲೊಂದು ಬಿದ್ದು ಮೆಟ್ಟಿದರೆ ಕಟಕಟ ಎನ್ನುತ್ತದೆ. ಗುಡಿಯಿಲ್ಲ, ಮೂರ್ತಿಯಿಲ್ಲ, ಗಂಟೆಯಿಲ್ಲ. ಚಪ್ಪಡಿಗೆ ಅರಿಶಿನ ಬಳಿದು ಕುಂಕುಮ ಇಟ್ಟಿರುತ್ತಾರೆ, ಅಷ್ಟೇ. ಅಲ್ಲಿ ಪ್ರಸಾದ ಹಂಚುವ ಪದ್ಧತಿಯೂ ಇಲ್ಲ. ಚುರುಮುರಿ ಬೆಲ್ಲವನ್ನು ಚಪ್ಪಡಿಯ ಮೇಲೆ ಸುರಿದು ಹಿಂದೆ ಸರಿದರೆ ಮಕ್ಕಳು ನುಗ್ಗಿ ಕಸಿದುಕೊಂಡು ತಿನ್ನಬೇಕು. ಇದು ಲೂಟವ್ವನ ಹಗೇವು. ಹಗೇವು ಎಂದರೆ ಕಾಳು ಕಾಯ್ದಿಡಲು ನೆಲದೊಳಗೆ ತೋಡಿದ ಕಣಜ ಎಂಬುದನ್ನು ಈಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ.

ಪೇಟೆಯಿಂದ ಬಂದವರು ಈ ಹೆಸರು ಕೇಳಿ ನಗುವುದುಂಟು. ಲೂಟ್ ಎಂಬುದು ಇಂಗ್ಲಿಷ್ ಮಾತಲ್ಲವೇ, ಇಂಗ್ಲಿಷ್ ಹೆಸರಿನ ಅವ್ವ ನಿಮಗೆ ಎಲ್ಲಿಂದ ಬಂದಳು ಎಂದು ಕೇಳುತ್ತಾರೆ. ಚಪ್ಪಡಿಗೆ ದಿನಾ ನೀರು ಹಾಕುವ ಫಕೀರವ್ವ ಎಂಬ ಮುದುಕಿ ಅದಕ್ಕೆ ಕೊಡುವ ಉತ್ತರ ಒಂದೇ: "ಅವರದಂತ ಅದರಾಗ ಏನೈತೆವ್ವಾ, ಆ ಮಾತೂ ನಮ್ಮ ದೇಶದಿಂದನ ಹೊಡಕೊಂಡು ಹೋದದ್ದು." ಓದಿದವರೂ ಇದನ್ನು ಒಪ್ಪುತ್ತಾರೆ. ಸಂಸ್ಕೃತದ ಬೇರಿನಿಂದ ಉತ್ತರದ ನುಡಿಗಳಿಗೆ ಬಂದು, ಅಲ್ಲಿಂದ ದಂಡಿನವರ ಬಾಯಲ್ಲಿ ದಕ್ಷಿಣಕ್ಕಿಳಿದು, ಕೊನೆಗೆ ಇಂಗ್ಲಿಷರ ಹಡಗು ಹತ್ತಿದ ಮಾತು ಅದು. ಆದರೆ ಮಾತು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದಕ್ಕಿಂತ ಅದರ ಅರ್ಥವೇನು ಎಂಬುದರಲ್ಲಿ ಕುಸುಬಿಹಾಳದವರು ಬಹಳ ಖಚಿತ. ನೀನು ನೋಡದಾಗ ಒಯ್ದರೆ ಅದು ಕಳವು. ನಿನ್ನನ್ನು ನಂಬಿಸಿ ನಿನ್ನ ಕೈಯಿಂದಲೇ ಈಸಿಕೊಂಡರೆ ಅದು ಮೋಸ. ಇದು ಇಂಥವರದು ಎಂದು ಎಲ್ಲರಿಗೂ ಗೊತ್ತಿದ್ದು, ಎಲ್ಲರ ಕಣ್ಣೆದುರಿಗೇ ಕಸಿದುಕೊಂಡರೆ ಮಾತ್ರ ಅದು ಲೂಟಿ. ಈ ಅರ್ಥವನ್ನು ಅವರಿಗೆ ಕಲಿಸಿದ್ದು ಒಬ್ಬ ಹೆಣ್ಣುಮಗಳು.

ಹಿಂದೆ ಒಮ್ಮೆ, ದೊಡ್ಡ ರಾಜ್ಯಗಳೆಲ್ಲ ಸಡಿಲಗೊಂಡು, ಯಾವ ರಾಜನಿಗೂ ಸೇರದ ಕುದುರೆ ಸವಾರರ ಗುಂಪುಗಳು ಸುಗ್ಗಿ ಮುಗಿಯುವುದನ್ನೇ ಕಾದು ಊರುಗಳ ಮೇಲೆ ಬೀಳುತ್ತಿದ್ದ ಕಾಲದಲ್ಲಿ, ಈ ವಾಡೆಯಲ್ಲಿ ಹಂಪವ್ವ ಎಂಬ ಗೌಡತಿ ಬಾಳುತ್ತಿದ್ದಳು. ಗಂಡ ತೀರಿಕೊಂಡು ಇಬ್ಬರು ಗಂಡುಮಕ್ಕಳು ದೊಡ್ಡವರಾಗಿದ್ದರು. ಹಿರಿಯ ಮಗ ಶಿವರುದ್ರಗೌಡನ ಹೆಂಡತಿ ಬಾಳವ್ವ. ಕಿರಿಯವನ ಹೆಂಡತಿ ನೀಲಗಂಗಿ. ಬಾಳವ್ವ ಗಟ್ಟಿ ಮೈಯ, ಗಟ್ಟಿ ದನಿಯ ಹೆಣ್ಣು. ಅವಳು ಬಂದ ಮೇಲೆ ವಾಡೆಯ ಎಮ್ಮೆಗಳು ಹೊತ್ತಿಗೆ ಸರಿಯಾಗಿ ಹಾಲು ಕೊಟ್ಟವು, ಆಳುಗಳು ಹೊತ್ತಿಗೆ ಸರಿಯಾಗಿ ಉಂಡರು. ಅದಕ್ಕಾಗಿ ಅವಳನ್ನು ಯಾರೂ ಹೊಗಳಲಿಲ್ಲ; ಸೂರ್ಯ ಹುಟ್ಟಿದ್ದಕ್ಕೆ ಯಾರಾದರೂ ಹೊಗಳುತ್ತಾರೆಯೇ. ಆಮೇಲೆ ನೀಲಗಂಗಿ ಬಂದಳು. ತೆಳ್ಳನೆಯ, ನಗುಮುಖದ, ಹಾಡು ಬಲ್ಲ ಹುಡುಗಿ. ಬಂದ ತಿಂಗಳೊಳಗೆ ಹಂಪವ್ವ ಊಟಕ್ಕೆ ಕುಳಿತು, ನೀಲಿ ಬಡಿದ ರೊಟ್ಟಿ ನೋಡ್ರೆ, ಪೂರಿ ಹಾಂಗ ಉಬ್ಬತಾವ ಎಂದಳು. ಬಾಳವ್ವ ಅಷ್ಟು ವರ್ಷ ಅದೇ ಒಲೆಯ ಮುಂದೆ ಕುಳಿತು ಬಡಿದ ರೊಟ್ಟಿಗಳೂ ಉಬ್ಬಿದ್ದವು. ಅವನ್ನು ಯಾರೂ ನೋಡಿರಲಿಲ್ಲ. ಆ ದಿನ ಅವಳ ಎದೆಯಲ್ಲಿ ಒಂದು ಕೆಂಡ ಬಿತ್ತು, ಅದು ಮತ್ತೆ ಆರಲಿಲ್ಲ ಎನ್ನುತ್ತಾರೆ.

ಲೂಟಿ ಎಂಬ ಮಾತು ಊರಿಗೆ ಬಂದದ್ದು ಕುದುರೆಗಳ ಬೆನ್ನ ಮೇಲಲ್ಲ, ಬಳೆಗಾರನ ಮಲಾರದ ಜೊತೆಗೆ. ಅದಕ್ಕೂ ಮೊದಲು ಜನ ಸೂರೆ ಎನ್ನುತ್ತಿದ್ದರು, ಕೊಳ್ಳೆ ಎನ್ನುತ್ತಿದ್ದರು. ಸಿದ್ರಾಮಣ್ಣ ಎಂಬ ಬಳೆಗಾರ ಊರೂರು ತಿರುಗಿ ಬಂದವನು, ವಾಡೆಯ ಪಡಸಾಲೆಯಲ್ಲಿ ಕುಳಿತು ಹೆಂಗಸರಿಗೆ ಬಳೆ ಇಡಿಸುತ್ತ ಹೊಳೆಯಾಚೆಯ ಊರುಗಳ ಸುದ್ದಿ ಹೇಳಿದ. ಸವಾರರು ಬರುವುದು ಹೇಗೆ, ಲೂಟ್ ಲೂಟ್ ಎಂದು ಕೂಗುವುದು ಹೇಗೆ, ಹಗೇವು ಹುಡುಕುವುದು ಹೇಗೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಅಂಗಳದ ತುಂಬ ಕೊಡಗಟ್ಟಲೆ ನೀರು ಚೆಲ್ಲುತ್ತಾರಂತೆ; ಗಟ್ಟಿ ನೆಲದ ಮೇಲೆ ನೀರು ನಿಂತು ಹರಿಯುತ್ತದೆ, ಹಗೇವಿನ ಬಾಯಿ ಮುಚ್ಚಿದ ಸಡಿಲ ಮಣ್ಣಿನಲ್ಲಿ ಗಟಗಟ ಇಂಗುತ್ತದೆ; ಇಂಗಿದ ಕಡೆ ಅಗೆಯುತ್ತಾರೆ. ಹೆಂಗಸರು ಬಾಯಿಗೆ ಸೆರಗು ಹಿಡಿದು ಕೇಳಿದರು. ಹೀಗೆ ಹೇಳುತ್ತ ಹೇಳುತ್ತಲೇ ಬಳೆಗಾರ ನೀಲಗಂಗಿಯ ಕೈಹಿಡಿದು, ಇಂಥ ಬೆಣ್ಣೆಯಂಥ ಕೈಗೆ ಬಳೆ ಇಡಿಸಿ ಬಹಳ ದಿನ ಆಗಿತ್ತು ಎಂದು, ಇದ್ದುದರಲ್ಲೇ ಚೆಂದದ ಹಸಿರು ಚುಕ್ಕಿಯ ಬಳೆಗಳನ್ನು ಅವಳಿಗೆ ಇಡಿಸಿಬಿಟ್ಟ. ಬಾಳವ್ವ ಆ ಬಳೆಗಳನ್ನು ಅವನು ಮಲಾರ ಬಿಚ್ಚಿದಾಗಲೇ ಕಣ್ಣಿಟ್ಟು ನೋಡಿದ್ದಳು. ಅವಳು ಕೈ ಒರೆಸಿಕೊಂಡು ಎದ್ದಳು. "ಹೊಳಿಯಾಚಿಗೆ ಯಾಕ ಹೋಗ್ತಿ ಸಿದ್ರಾಮಣ್ಣ, ಲೂಟಿ ನಮ್ಮ ಮನಿಯೊಳಗ ನಡದೈತಿ, ಹಾಡಹಗಲ" ಎಂದಳು. ಎಲ್ಲರೂ ನಕ್ಕರು. ನೀಲಗಂಗಿಯೂ ನಕ್ಕಳು. ಅಂದಿನಿಂದ ಬಾಳವ್ವನ ಬಾಯಲ್ಲಿ ನೆಗೆಣ್ಣಿಗೆ ಲೂಟಿಗಿತ್ತಿ ಎಂದೇ ಹೆಸರಾಯಿತು. ಬೆಣ್ಣೆಯ ಗಡಿಗೆ ಬರಿದಾದರೆ ಲೂಟಿ, ಅತ್ತೆಯ ಕಾಲು ಒತ್ತಲು ನೀಲಗಂಗಿ ಮೊದಲು ಕುಳಿತರೆ ಲೂಟಿ, ಬಾಳವ್ವನ ಮಗನೇ ಹೋಗಿ ಚಿಕ್ಕವ್ವನ ತೊಡೆಯ ಮೇಲೆ ಮಲಗಿದರೆ ಅದೂ ಲೂಟಿ.

ಆ ವಾಡೆಯಲ್ಲಿ ಒಂದು ಹಳೆಯ ಪದ್ಧತಿಯಿತ್ತು. ಎಲ್ಲರಿಗೂ ಗೊತ್ತಿದ್ದ ಹಗೇವುಗಳಲ್ಲದೆ, ಊರಿಗೆ ಆಪತ್ತು ಬಂದಾಗ ಮಾತ್ರ ತೆರೆಯಬೇಕಾದ ಇನ್ನೊಂದು ದೊಡ್ಡ ಹಗೇವು ವಾಡೆಯ ಆವರಣದಲ್ಲಿ ಎಲ್ಲೋ ಇತ್ತು. ಅದಕ್ಕೆ ಅತ್ತೆಯ ಹಗೇವು ಎಂದು ಹೆಸರು. ಅದರ ಗುರುತು ಗಂಡಸರಿಗೆ ಹೇಳುವಂತಿರಲಿಲ್ಲ. ದಂಡು ಬಂದರೆ ಗಂಡಸರನ್ನು ಬಡಿದು ಬಾಯಿ ಬಿಡಿಸುತ್ತಾರೆ, ಹೆಂಗಸರ ಮೈಮುಟ್ಟುವುದಿಲ್ಲ ಎಂಬುದು ಹಿಂದಿನ ರಾಜರ ಕಾಲದ ನಂಬಿಕೆ. ಹಾಗಾಗಿ ಕಾಳು ತುಂಬುವ ದಿನ ಗಂಡಸರೆಲ್ಲ ಗುಡ್ಡದ ದೇವರಿಗೆ ಹೋಗಬೇಕು, ಸೊಸೆಯರು ತವರಿಗೆ ಹೋಗಬೇಕು. ಅತ್ತೆ ತನ್ನ ತವರಿನ ಹೆಂಗಸರನ್ನು ಕರೆಸಿ ತುಂಬಿಸಿ, ಬಾಯಿಗೆ ಚಪ್ಪಡಿಯೆಳೆದು ಮಣ್ಣು ಮುಚ್ಚುತ್ತಿದ್ದಳು. ತನ್ನ ಕೊನೆಗಾಲ ಬಂತೆಂದು ತಿಳಿದಾಗ ಹಿರಿಯ ಸೊಸೆಯನ್ನು ಕರೆದು ಕಿವಿಯಲ್ಲಿ ಗುರುತು ಹೇಳಬೇಕು. ಗುರುತು ತಿಳಿದವಳೇ ಆ ಮನೆಯ ಯಜಮಾನಿ. ಬಾಳವ್ವ ಆ ಮಾತಿಗಾಗಿ ಮದುವೆಯಾದ ವರ್ಷದಿಂದ ಕಾದಿದ್ದಳು. ರೊಟ್ಟಿಯ ಹೊಗಳಿಕೆ ಹೋಗಲಿ, ಹಸಿರು ಬಳೆ ಹೋಗಲಿ, ಅದೊಂದು ಮಾತ್ರ ತನ್ನದೇ. ಅದನ್ನು ಯಾರ ಬೆಣ್ಣೆಯಂಥ ಕೈಯೂ ಕಸಿಯಲಾರದು ಎಂದು ಎದೆಯ ಕೆಂಡದ ಮೇಲೆ ಬೂದಿ ಮುಚ್ಚಿಕೊಂಡಿದ್ದಳು.

ಹಂಪವ್ವನಿಗೆ ಒಂದು ಸಂಜೆ ಇದ್ದಕ್ಕಿದ್ದಂತೆ ಲಕ್ವ ಹೊಡೆಯಿತು. ಅರ್ಧ ಮೈ ಬಿದ್ದುಹೋಗಿ ಮಾತು ತೊದಲಾಯಿತು. ಬಾಳವ್ವ ಎಮ್ಮೆ ಹಿಂಡಲು ಬೋಗುಣಿ ಹಿಡಿದು ಹೊರಟವಳು ಕೋಣೆಯೊಳಗೆ ಇಣುಕಿದಾಗ ಕಂಡದ್ದಿಷ್ಟು: ನೀಲಗಂಗಿ ಅತ್ತೆಯ ಮೇಲೆ ಬಾಗಿ ಕಿವಿಯನ್ನು ಅವಳ ತುಟಿಗೆ ತಾಗಿಸಿದ್ದಾಳೆ, ಅತ್ತೆಯ ತುಟಿ ಅಲ್ಲಾಡುತ್ತಿದೆ, ನೀಲಗಂಗಿ ತಲೆಯಾಡಿಸುತ್ತಿದ್ದಾಳೆ. ಬಾಳವ್ವ ಅಲ್ಲೇ ತಿರುಗಿದಳು. ಅವಳು ಒಳಗೆ ಹೋಗಲಿಲ್ಲ. ನೇರವಾಗಿ ಕೊಟ್ಟಿಗೆಗೆ ಹೋಗಿ ಎಮ್ಮೆಯ ಕೆಳಗೆ ಕುಳಿತಳು. ನೀಲಗಂಗಿ ಓಡಿಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಅಕ್ಕಾ, ಅತ್ತಿ ಕರೀತಾರ, ಬಾ" ಎಂದಳು. ಬಾಳವ್ವ ತಿರುಗಿ ನೋಡಲಿಲ್ಲ. ಕೊಡುವುದನ್ನೆಲ್ಲ ಅವಳಿಗೆ ಕೊಟ್ಟು, ಈಗ ಬಾಯಿಗೆ ನೀರು ಬಿಡಲು ತನ್ನನ್ನು ಕರೆಯುತ್ತಾರೆ ಎಂದುಕೊಂಡಳು. ನೀಲಗಂಗಿ ಮತ್ತೆ ಕರೆದಳು. ಎಮ್ಮೆ ಸೊರೆ ಬಿಟ್ಟೈತಿ, ನಡುವ ಎದ್ದರ ಹಾಲು ಏರಿಸ್ತದ ಎಂದು ಬಾಳವ್ವ ಹೇಳಿದಳು. ಕೊನೆಯ ಹನಿಯವರೆಗೂ ಹಿಂಡಿ, ಬೋಗುಣಿಯನ್ನು ನೆಲುವಿನಲ್ಲಿಟ್ಟು, ಮುಸುರೆ ಹಾಕಿ, ಕೈ ತೊಳೆದು ಅವಳು ಒಳಗೆ ಬಂದಾಗ ಹಂಪವ್ವನ ಉಸಿರು ನಿಂತಿತ್ತು. ಕಣ್ಣು ಮಾತ್ರ ಬಾಗಿಲ ಕಡೆಗೇ ತೆರೆದಿದ್ದವು.

ದಿನಕರ್ಮಗಳು ಮುಗಿದ ಮೇಲೆ ನೀಲಗಂಗಿ ಒಮ್ಮೆ, ಅಕ್ಕಾ, ಅತ್ತಿ ಅವತ್ತ ಏನಂದ್ರಂದ್ರ, ಎಂದು ಬಾಯಿ ತೆರೆದಳಂತೆ. ಸತ್ತವರ ಮಾತು ಇದ್ದವರ ಬಾಯಾಗ ಬಣ್ಣ ಬದಲಾಗ್ತದ, ನನಗ ಹೇಳಬ್ಯಾಡ ಎಂದು ಬಾಳವ್ವ ಎದ್ದುಹೋದಳು. ಶಿವರುದ್ರಗೌಡ ಹಗೇವಿನ ಗುರುತು ಸಿಕ್ಕಿತೋ ಇಲ್ಲವೋ ಎಂದು ಕೇಳಿದಾಗ, ಸಿಗಬೇಕಾದವರಿಗೆ ಸಿಕ್ಕೈತಿ ಎಂದು ಉತ್ತರ ಕೊಟ್ಟಳು. ಬಾವಿಕಟ್ಟೆಯಲ್ಲಿ ಮಾತ್ರ ಅವಳ ನಾಲಿಗೆಗೆ ತಡೆಯಿರಲಿಲ್ಲ. ವಾಡೆಯ ಜೀವ ಈಗ ನೀಲಗಂಗಿಯ ನಾಲಿಗೆಯ ತುದಿಯಲ್ಲಿದೆ, ನಾವೆಲ್ಲ ಅವಳ ಕೈಕಾಯುವ ಆಳುಗಳು ಎಂದು ಕೊಡ ತುಂಬಿಕೊಳ್ಳುತ್ತ ಹೇಳುತ್ತಿದ್ದಳು. ಬಾವಿಕಟ್ಟೆಯ ಮಾತು ಬಾವಿಯೊಳಗೆ ಉಳಿಯುವುದಿಲ್ಲ. ಸಂತೆಗೆ ಹೋಗುತ್ತದೆ, ಸಂತೆಯಿಂದ ಹೊಳೆ ದಾಟುತ್ತದೆ.

ಬಾಳವ್ವನಿಗೆ ಬಳೆಗಾರ ಹೇಳಿದ ನೀರಿನ ಯುಕ್ತಿ ನೆನಪಾದದ್ದು ಆ ದಿನಗಳಲ್ಲೇ. ಬೆಳಗಿನಲ್ಲಿ ಅಂಗಳಕ್ಕೆ ನೀರು ಹೊಡೆದು ಸಾರಿಸುವುದು ಎಲ್ಲ ಮನೆಗಳಲ್ಲೂ ಇರುವ ಕೆಲಸ. ಬಾಳವ್ವ ಅದನ್ನು ಪಡಸಾಲೆಯ ಮುಂದಿನಿಂದ ಕಣದವರೆಗೆ, ಕಣದಿಂದ ಹಿತ್ತಿಲವರೆಗೆ ಹಬ್ಬಿಸಿದಳು. ಕೊಡದ ಮೇಲೆ ಕೊಡ ಸುರಿದು, ಪೊರಕೆ ಹಿಡಿದು ನಿಂತು, ನೀರು ಎಲ್ಲಿ ನಿಲ್ಲುತ್ತದೆ ಎಲ್ಲಿ ಇಂಗುತ್ತದೆ ಎಂದು ನೋಡುತ್ತಿದ್ದಳು. ಊರ ಅತ್ತೆಯರೆಲ್ಲ ತಮ್ಮ ಸೊಸೆಯರಿಗೆ ಅವಳನ್ನು ತೋರಿಸಿ, ಸ್ವಚ್ಛತೆ ಅಂದರೆ ಬಾಳವ್ವನದು, ಹಿತ್ತಿಲನ್ನೂ ದೇವರ ಜಗಲಿಯಂತೆ ಇಡುತ್ತಾಳೆ ಎಂದು ಹೇಳತೊಡಗಿದರು. ಹೊಟ್ಟೆಕಿಚ್ಚಿನಿಂದ ಒಳ್ಳೆಯ ಹೆಸರು ಪಡೆದವಳು ಬಹುಶಃ ಅವಳೊಬ್ಬಳೇ. ಮಾಗಿ ಕಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ ಬೇವಿನ ಮರದ ಬಳಿ ಸುರಿದ ನೀರು ದುಂಡಗೆ ಸುಳಿ ತಿರುಗಿ, ಬಾಯಾರಿದವನು ಕುಡಿದಂತೆ ನೆಲದೊಳಗೆ ಇಳಿದುಹೋಯಿತು.

ಹಿರಿಯ ಸೊಸೆಗೆ ಸೇರಬೇಕಾದ ಗುರುತು ಕೊನೆಗೂ ಹಿರಿಯ ಸೊಸೆಗೆ ಸಿಕ್ಕಿತ್ತು. ಅಲ್ಲಿಗೆ ಅವಳು ನಿಲ್ಲಿಸಬಹುದಾಗಿತ್ತು. ಗಂಡನಿಗೆ ಗುರುತು ಸಿಕ್ಕಿದೆ ಎಂದು ಹೇಳಿ, ಯಜಮಾನಿಕೆಯ ಬೀಗದ ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಬಹುದಾಗಿತ್ತು. ಆದರೆ ಹೊಟ್ಟೆಕಿಚ್ಚಿಗೆ ತನಗೆ ಸಿಕ್ಕಿದ್ದರಿಂದ ತೃಪ್ತಿಯಿಲ್ಲ, ಇನ್ನೊಬ್ಬರಿಗೆ ತಪ್ಪಬೇಕು. ತಾನು ಹೇಳಿದರೆ, ಅದು ನನಗೆ ಮೊದಲೇ ಗೊತ್ತಿತ್ತು ಎಂದು ನೀಲಗಂಗಿ ನಗುತ್ತಾಳೆ. ಆ ನಗುವನ್ನು ಬಾಳವ್ವ ಕಿವಿಯಲ್ಲಿ ಕೇಳಿಬಿಟ್ಟಳು. ಅದರ ಬದಲು ಊರಿಗೆ ಕಾಳು ಬೇಕಾದ ದಿನ ನೀಲಗಂಗಿಯೇ ಬಂದು ಎಲ್ಲರೆದುರು ಚಪ್ಪಡಿ ಎತ್ತಿಸಲಿ, ಒಳಗೆ ಕೊಳೆತು ಮುಗ್ಗಿದ ಕಾಳು ಕಾಣಲಿ, ಅತ್ತೆ ಎಂಥ ಕೈಗೆ ಮನೆ ಒಪ್ಪಿಸಿದಳು ಎಂದು ಊರು ನೋಡಲಿ. ಹೀಗೆಂದುಕೊಂಡು ಅವಳು ದಿನವೂ ಅದೇ ಜಾಗಕ್ಕೆ ನೀರು ಹೊಯ್ದಳು. ಸುಗ್ಗಿ ಮುಗಿದು ಬಿಸಿಲು ಏರಿ ಎಲ್ಲ ಕಡೆ ನೆಲ ಬಿರಿದಾಗ ಬೇವಿನ ಮರದ ಬಳಿ ಮಾತ್ರ ಬಳೆಯಂತೆ ಹಸಿರು ಎದ್ದಿತು. ಹುಳಿಬಂದ ಹಿಟ್ಟಿನಂಥ ವಾಸನೆ ನೆಲದಿಂದ ಸಣ್ಣಗೆ ಬರತೊಡಗಿತು. ಬಾಳವ್ವ ಅದರ ಮೇಲೆ ಸಗಣಿಯ ಕುಳ್ಳು ಒಟ್ಟಿ ಮುಚ್ಚಿದಳು. ನೀರು ಹೊಕ್ಕ ಹಗೇವಿನ ಗಾಳಿ ಎಂಥದೆಂದು ಅವಳಿಗೆ ಗೊತ್ತಿತ್ತು. ಆ ಸೀಮೆಯ ಮಕ್ಕಳಿಗೂ ಗೊತ್ತು. ಒಣ ಹಗೇವನ್ನೇ ತೆರೆದು ಒಂದು ದಿನ ಬಿಟ್ಟು, ದೀಪ ಇಳಿಸಿ ನೋಡಿ, ದೀಪ ಆರದಿದ್ದರೆ ಮಾತ್ರ ಇಳಿಯುತ್ತಾರೆ. ಕೊಳೆತ ಹಗೇವಿಗೆ ಇಳಿದವನು ಕೂಗುವುದಕ್ಕೂ ಪುರುಸೊತ್ತಿಲ್ಲದೆ ಸಾಯುತ್ತಾನೆ.

ಸವಾರರು ಬಂದದ್ದು ಅದೇ ಬೇಸಿಗೆಯಲ್ಲಿ, ಉರಿಯುವ ಮಧ್ಯಾಹ್ನ. ಧೂಳು ಕಂಡೊಡನೆ ಗಂಡಸರು ದನಕರು ಹೊಡೆದುಕೊಂಡು ಹಳ್ಳದ ಕೊರಕಲಿಗೆ ಇಳಿದರು. ಹೆಂಗಸರು ಹಳೆಯ ನಂಬಿಕೆಯನ್ನು ನಂಬಿ ಮನೆಗಳಲ್ಲೇ ಉಳಿದರು. ಬಂದವರು ಅಂಗಳಗಳಲ್ಲಿ ನೀರು ಚೆಲ್ಲಲು ಬಾವಿಗೆ ಮಂದಿ ಬಿಟ್ಟರು. ಅವರ ನಾಯಕ ಮಾತ್ರ ನೇರವಾಗಿ ವಾಡೆಗೆ ಬಂದು ನೀಲಗಂಗಿ ಯಾರು ಎಂದು ಹೆಸರು ಹಿಡಿದು ಕೇಳಿದ. ಕುದುರೆಯ ಮೇಲಿನ ಅಪರಿಚಿತನ ಬಾಯಲ್ಲಿ ಆ ಹೆಸರು ಕೇಳಿದಾಗ ಬಾಳವ್ವನಿಗೆ ಮೊದಲು ಅನಿಸಿದ್ದು ಭಯವಲ್ಲ. ಕಳ್ಳರಿಗೂ ಇವಳ ಹೆಸರೇ ಬೇಕಾಯಿತೇ ಎಂದು ಅನಿಸಿತು. ಆ ಹೆಸರು ಹೊಳೆ ದಾಟಿದ್ದು ತನ್ನ ನಾಲಿಗೆಯಿಂದಲೇ ಎಂಬುದು ಆಮೇಲೆ ಹೊಳೆಯಿತು. ನೀಲಗಂಗಿ ಮುಂದೆ ಬಂದಳು. ಹಗೇವಿನ ಗುರುತು ಹೇಳು ಎಂದರು. ಗೊತ್ತಿಲ್ಲ ಎಂದಳು. ನಾಯಕ ಕುದುರೆಗೆ ಕಾಳು ಕಟ್ಟುವ ಚೀಲವನ್ನು ಬಿಚ್ಚಿ, ಒಲೆಯ ಬಿಸಿಬೂದಿಯನ್ನು ಅದಕ್ಕೆ ತುಂಬಿಸಿ, ಅವಳ ಮುಖಕ್ಕೆ ಕಟ್ಟಿ ಬೆನ್ನ ಮೇಲೆ ಗುದ್ದಿಸಿದ. ಬಿಚ್ಚಿದಾಗ ಅವಳ ಹುಬ್ಬು ಸುಟ್ಟು ಬಾಯಿಂದ ಬೂದಿ ಸುರಿಯುತ್ತಿತ್ತು. ಮತ್ತೆ ಕೇಳಿದರು. ಮತ್ತೆ ಗೊತ್ತಿಲ್ಲ ಎಂದಳು. ಕಂಬಕ್ಕೆ ಆತು ನಿಂತ ಬಾಳವ್ವ ಇವಳ ಹಟ ನೋಡು, ಸತ್ತರೂ ಬಿಟ್ಟುಕೊಡಳು ಎಂದುಕೊಂಡಳು. ಆ ಹಟದ ಮೇಲೂ ಅವಳಿಗೆ ಹೊಟ್ಟೆಕಿಚ್ಚಾಯಿತು ಎನ್ನುತ್ತಾರೆ.

ಚೀಲವನ್ನು ಮತ್ತೆ ಎತ್ತಿದಾಗ ನೀಲಗಂಗಿ ಸವಾರರನ್ನು ನೋಡದೆ ಬಾಳವ್ವನನ್ನು ನೋಡಿ ಹೇಳಿದಳು. "ಅತ್ತಿ ನನಗೇನೂ ಹೇಳಲಿಲ್ಲಕ್ಕಾ. ಹಿರಿಯಾಕಿನ ಕರಿ, ಹಿರಿಯಾಕಿನ ಕರಿ, ಅಷ್ಟ ಅಂದ್ರು. ನಾ ಕರದೆ. ನೀ ಬರಲಿಲ್ಲ."

ಬಾಳವ್ವನಿಗೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತ ನೆರಳು ಕಂಡಿತು. ಬೋಗುಣಿಯಲ್ಲಿ ನೊರೆಯೇಳುತ್ತಿದ್ದ ಹಾಲಿನ ಸದ್ದು ಕೇಳಿಸಿತು. ಬಾಗಿಲ ಕಡೆಗೆ ತೆರೆದೇ ಇದ್ದ ಅತ್ತೆಯ ಕಣ್ಣು ಯಾರನ್ನು ಕಾಯುತ್ತಿದ್ದವೆಂದು ಒಂದು ವರ್ಷದ ಮೇಲೆ ತಿಳಿಯಿತು. ಅವಳು ಕಂಬ ಬಿಟ್ಟು ಅಂಗಳಕ್ಕಿಳಿದು, ಆಕಿಗೆ ಗೊತ್ತಿಲ್ಲ, ನನಗ ಗೊತ್ತೈತಿ, ಬರ್ರಿ ಎಂದು ಹಿತ್ತಿಲಿನ ಕಡೆ ನಡೆದಳು. ತಾನೇ ಕುಳ್ಳು ಸರಿಸಿ ಹಸಿರು ಬಳೆಯನ್ನು ತೋರಿಸಿದಳು. ಸವಾರರು ಮಣ್ಣು ಕಿತ್ತು ಚಪ್ಪಡಿ ಎತ್ತಿದಾಗ ಒಳಗಿನಿಂದ ಬಿಸಿ ಹಬೆ ಎದ್ದು, ಬೇವಿನ ಮರದ ಮೇಲಿದ್ದ ಕಾಗೆಗಳು ಹಾರಿದವು. ದೀಪ ಇಳಿಸಿ ನೋಡಬೇಕು, ಒಂದು ದಿನ ಬಿಡಬೇಕು ಎಂದು ಬಾಳವ್ವ ಹೇಳಿದಳು. ನಾಯಕ ನಕ್ಕ. ಕಂಪನಿಯ ಕುದುರೆ ದಂಡು ತಮ್ಮ ಬೆನ್ನು ಹತ್ತಿದೆಯೆಂದು ಅವನಿಗೆ ಗೊತ್ತಿತ್ತು. ಹೊತ್ತು ಕಳೆಯಲು ಈ ಹೆಂಗಸು ಹೂಡಿದ ಆಟವಿದು ಎಂದುಕೊಂಡ. ಮನೆಯವರನ್ನೇ ಮೊದಲು ಇಳಿಸುವುದು ಅವರ ರೂಢಿ. ತೆಳ್ಳಗಿನವಳ ಸೊಂಟಕ್ಕೆ ಹಗ್ಗ ಕಟ್ಟಿ ಎಂದು ನೀಲಗಂಗಿಯ ಕಡೆ ಬೆರಳು ತೋರಿಸಿದ.

ಅವರು ಹಗ್ಗವನ್ನು ನೀಲಗಂಗಿಯ ಸೊಂಟಕ್ಕೆ ಸುತ್ತುತ್ತಿದ್ದಾಗ ಬಾಳವ್ವ ನಡುವೆ ನುಗ್ಗಿ ಹಗ್ಗದ ತುದಿಯನ್ನು ಕಸಿದುಕೊಂಡಳು. ಹಿರಿಯ ಸೊಸೆ ಇರುವಾಗ ಅತ್ತೆಯ ಹಗೇವಿಗೆ ಕಿರಿಯವಳು ಇಳಿಯುವುದು ಈ ಮನೆತನದ ರೀತಿಯಲ್ಲ ಎಂದು ನಾಯಕನ ಮುಖಕ್ಕೇ ಹೇಳಿದಳು. ಅವನಿಗೆ ಯಾರಾದರೇನು. ನೀಲಗಂಗಿ ಮಾತ್ರ ಅವಳ ಸೆರಗು ಹಿಡಿದಳು. ಆ ಹಬೆಯ ವಾಸನೆಗೆ ಅವಳಿಗೂ ಎಲ್ಲ ಅರ್ಥವಾಗಿತ್ತು. ಬ್ಯಾಡಕ್ಕಾ, ಅವರು ತೋರಿಸಿದ್ದು ನನ್ನ ಎಂದಳು. ಬಾಳವ್ವ ತನ್ನ ಎಂದಿನ ಗಟ್ಟಿ ದನಿಯಲ್ಲಿ, ಬೆಣ್ಣೆಗಡಿಗೆಯ ಜಗಳದಲ್ಲಿ ಬೈಯುತ್ತಿದ್ದ ಹಾಗೆಯೇ ಬೈದಳು.

"ಅತ್ತಿ ಕರದದ್ದು ಯಾರನ್ನ? ನನ್ನ. ನೀ ಯಾಕ ನಡುವ ಬರ್ತಿ, ಲೂಟಿಗಿತ್ತಿ? ಬಿಡು ಸೆರಗ."

ಸೆರಗು ಬಿಡಿಸಿಕೊಂಡು, ಹಗ್ಗವನ್ನು ತಾನೇ ಕಟ್ಟಿಕೊಂಡು ಇಳಿದಳು. ತಲೆ ಮರೆಯಾದ ಮೇಲೆ ಹಗ್ಗ ಒಮ್ಮೆ ಬಿಗಿಯಾಯಿತು, ಆಮೇಲೆ ಸಡಿಲವಾಯಿತು. ಕೂಗಿದರು; ಉತ್ತರವಿಲ್ಲ. ಒಳಗೆ ಕಾಳು ಬಚ್ಚಿಡುತ್ತಿದ್ದಾಳೆಂದು ನಾಯಕ ತನ್ನವನೊಬ್ಬನನ್ನು ಇಳಿಸಿದ. ಅವನ ಹಗ್ಗವೂ ಸಡಿಲವಾಯಿತು. ಅವನನ್ನು ಎಳೆಯಲು ಬಾಗಿ ಒಳಗೆ ಕಾಲಿಟ್ಟ ಇನ್ನೊಬ್ಬನೂ ಬಂಡೆಯ ಹಾಗೆ ಬಿದ್ದ. ಯಾರೂ ನರಳಲಿಲ್ಲ, ಒದರಲಿಲ್ಲ. ಆ ಮೌನಕ್ಕೆ ಸವಾರರು ಬೆದರಿದರು. ಈ ಊರಿನ ನೆಲ ಮನುಷ್ಯರನ್ನು ನುಂಗುತ್ತದೆ ಎಂದು ಒಬ್ಬ ಕೂಗಿದ್ದೇ ತಡ, ಬಾವಿಯಿಂದ ನೀರು ತರುತ್ತಿದ್ದವರು ಕೊಡಗಳನ್ನು ಅಲ್ಲಲ್ಲೇ ಎಸೆದು ಕುದುರೆ ಹತ್ತಿದರು. ಊರ ಉಳಿದ ಹಗೇವುಗಳಲ್ಲಿ ಒಂದನ್ನೂ ಅವರು ಮುಟ್ಟಲಿಲ್ಲ. ಆ ವರ್ಷ ಕುಸುಬಿಹಾಳದ ಯಾವ ಮಗುವೂ ಹಸಿದು ಮಲಗಲಿಲ್ಲ ಎನ್ನುತ್ತಾರೆ.

ಗಂಡಸರು ಹಳ್ಳದಿಂದ ಹಿಂತಿರುಗಿದಾಗ ನೀಲಗಂಗಿ ಹಗೇವಿನ ಬಾಯ ಬಳಿ ಕುಳಿತಿದ್ದಳು. ಮುಖದ ಬೂದಿ ಒರೆಸಿಕೊಂಡಿರಲಿಲ್ಲ. ಏನಾಯಿತು ಎಂದು ಶಿವರುದ್ರಗೌಡ ಕೇಳಿದ. ಅವಳು ಭಾವನ ಎದುರು ಎಂದೂ ತಲೆಯೆತ್ತಿ ಮಾತಾಡಿದವಳಲ್ಲ. ಅಂದು ಇಡೀ ಊರು ಕೇಳುವ ಹಾಗೆ ಮಾತಾಡಿದಳು.

"ಈ ಮನಿಗೆ ಬಂದ ದಿನದಿಂದ ಅಕ್ಕ ನನ್ನ ಲೂಟಿಗಿತ್ತಿ ಅಂತಿದ್ಲರೀ. ಇವತ್ತ ಆಕೀನ ಲೂಟಿ ಹೊಡದ್ಲು. ಅದು ನನ್ನ ಪಾಲಿಗೆ ಬಂದ ಸಾವು. ಎಲ್ಲಾರ ಕಣ್ಣ ಮುಂದ ನನ್ನ ಕೈಯಾಗಿಂದು ಕಸಗೊಂಡು ಹೋದ್ಲು."

ಮರುದಿನ ಇಳಿಸಿದ ದೀಪ ಆರಲಿಲ್ಲ. ಮೊದಲು ಆ ಇಬ್ಬರು ಸವಾರರ ಹೆಣ ತೆಗೆದು ಊರ ಹೊರಗೆ ಮಣ್ಣು ಮಾಡಿದರು. ಶಿವರುದ್ರಗೌಡ ತಾನೇ ಇಳಿದು ಹೆಂಡತಿಯನ್ನು ನೋಡಿದ. ಅವಳು ಕೊಳೆತ ಕಾಳಿನ ಮೇಲೆ ಸೆರಗು ಹಾಸಿ, ಗೋಡೆಗೆ ಒರಗಿ ಕುಳಿತಿದ್ದಳಂತೆ. ಬಿದ್ದಾಗ ಸೆರಗು ಹಾಗೆ ಹರಡಿತು ಎಂದು ಕೆಲವರು ಹೇಳುತ್ತಾರೆ. ಅಲ್ಲ, ಸಂತೆಯಲ್ಲಿ ಜಾಗ ಹಿಡಿಯುವವರ ಹಾಗೆ ತನ್ನ ಪಾಲಿನ ಮೇಲೆ ಸೆರಗು ಹಾಸಿದಳು, ಸತ್ತ ಮೇಲೂ ಬಿಟ್ಟುಕೊಡಲಿಲ್ಲ ಎಂದು ಇನ್ನು ಕೆಲವರು. ಆಕಿ ಜಾಗ ಆಕಿಗೇ ಇರಲಿ ಎಂದು ನೀಲಗಂಗಿ ಹೇಳಿದ್ದರಿಂದ ಅವಳನ್ನು ಮೇಲೆತ್ತಲಿಲ್ಲ. ಅಲ್ಲೇ ವಿಭೂತಿಯಿಟ್ಟು, ಮಣ್ಣು ತುಂಬಿ, ಚಪ್ಪಡಿ ಎಳೆದರು. ನೀಲಗಂಗಿ ತನ್ನ ಹಸಿರು ಚುಕ್ಕಿಯ ಬಳೆಗಳನ್ನು ಬಿಚ್ಚಿ ಚಪ್ಪಡಿಯ ಕೆಳಗಿಟ್ಟಳು. ಬದುಕಿದಷ್ಟು ದಿನ ಬೆಳಗಾದರೆ ಅಲ್ಲಿಗೆ ಒಂದು ಕೊಡ ನೀರು ಹೊಯ್ದಳು. ನೀರು ಹಾಕಿ ಹಗೇವು ಕೊಳೆಸಿದವಳಿಗೆ ನೀರನ್ನೇ ನೈವೇದ್ಯ ಮಾಡಿದ್ದೇಕೆ ಎಂದು ಯಾರೋ ಕೇಳಿದಾಗ, ಅಕ್ಕ ಶುರು ಮಾಡಿದ ಕೆಲಸ, ನಡುವ ಬಿಟ್ಟರ ಸಿಟ್ಟಿಗೇಳ್ತಾಳ ಎಂದಳಂತೆ. ಅವಳ ಬಾಯಿಂದ ಬಂದ ಲೂಟಿಯ ಮಾತೇ ಲೂಟವ್ವ ಎಂಬ ಹೆಸರಾಗಿ ಊರ ಬಾಯಲ್ಲಿ ನಿಂತಿತು. ಅದು ಹೊಗಳಿಕೆಯೋ ಬೈಗುಳವೋ ಎಂದು ಮೊದಮೊದಲು ಚರ್ಚೆಯಾಯಿತು. ಆಮೇಲೆ ಎರಡೂ ಹೌದು ಎಂದು ಜನ ಸುಮ್ಮನಾದರು.

ಕೆಲವು ಕಾಲದ ನಂತರ ಕಂಪನಿಯ ದಂಡು ಅದೇ ವಾಡೆಯ ಬಯಲಲ್ಲಿ ಡೇರೆ ಹಾಕಿತು. ಬಿಳಿಯ ಅಧಿಕಾರಿಯೊಬ್ಬ ಚಪ್ಪಡಿಯನ್ನು ನೋಡಿ ಇದರ ಹೆಸರೇನು ಎಂದು ಮುನ್ಶಿಯ ಮೂಲಕ ಕೇಳಿದ. ಮುನ್ಶಿ ಅರ್ಥ ಬಿಡಿಸಿ ಹೇಳಲು ಹೊರಟರೆ, ಬೇಡ, ಆ ಮಾತು ನನಗೆ ಗೊತ್ತು ಎಂದು ಆತ ನಕ್ಕನಂತೆ. ಕೆಲಸ ಮೊದಲೇ ಬಲ್ಲವರಿಗೆ ಹೆಸರೊಂದು ಬೇಕಾಗಿತ್ತು, ಹೋದ ಹೋದ ಊರಲ್ಲಿ ಕೇಳಿ ಕೇಳಿ ಅದನ್ನೂ ಎತ್ತಿಕೊಂಡರು ಎಂದು ಊರ ಹಿರಿಯರು ಹೇಳುತ್ತಾರೆ. ಅವರು ಹೊತ್ತೊಯ್ದದ್ದು ಸವಾರರು ಕೂಗಿದ ಮಾತನ್ನು. ನೀಲಗಂಗಿ ಹೇಳಿದ ಮಾತು ಇಲ್ಲೇ ಉಳಿಯಿತು.

ಇಂದಿಗೂ ಕುಸುಬಿಹಾಳಕ್ಕೆ ಕಿರಿಯ ಸೊಸೆ ಬಂದರೆ, ಅವಳನ್ನೂ ಹಿರಿಯ ಸೊಸೆಯನ್ನೂ ಬೇವಿನ ಮರದ ಬಳಿಗೆ ಕರೆತರುತ್ತಾರೆ. ಹಿರಿಯವಳು ತುಂಬಿದ ಕೊಡ ಹೊತ್ತು ಚಪ್ಪಡಿಗೆ ಬೆನ್ನು ಮಾಡಿ ನಿಲ್ಲುತ್ತಾಳೆ. ಕಿರಿಯವಳು ಮರದ ಹಿಂದಿನಿಂದ, "ಅಕ್ಕಾ, ಅತ್ತಿ ಕರೀತಾರ, ಬಾ" ಎಂದು ಕೂಗಬೇಕು. ಆ ಕೂಗು ಕಿವಿಗೆ ಬಿದ್ದ ಕ್ಷಣವೇ ಹಿರಿಯವಳು ಕೊಡವನ್ನು ಇಳಿಸದೆ, ಒರಗಿಸದೆ, ಇದ್ದಲ್ಲೇ ಬಿಟ್ಟು ತಿರುಗಿ ಬರಬೇಕು. ಗಡಿಗೆ ಒಡೆಯುತ್ತದೆ, ನೀರು ಹುಲ್ಲಿಗೆ ಹೋಗುತ್ತದೆ. ನೋಡಬಂದವರ ಕಾಲಿಗೆ ಚುಚ್ಚುವ ಚೂರುಗಳೆಲ್ಲ ಹೀಗೆ ಬಿದ್ದವು. ಈಗ ಪ್ಲಾಸ್ಟಿಕ್ ಕೊಡಗಳು ಬಂದಿವೆ. ಅವು ಒಡೆಯುವುದಿಲ್ಲ, ಬಿದ್ದು ಉರುಳಿಕೊಂಡು ಹೋಗುತ್ತವೆ, ಹುಡುಗರು ಅಟ್ಟಿಸಿಕೊಂಡು ಹೋಗಿ ಹಿಡಿದು ತರುತ್ತಾರೆ. ನೀರು ಮಾತ್ರ ಸುಳಿ ತಿರುಗಿ ಅಲ್ಲೇ ಇಂಗುತ್ತದೆ. ಇಷ್ಟೆಲ್ಲ ಆಗಿಯೂ ಕುಸುಬಿಹಾಳದ ನೆಗೆಣ್ಣಿಯರು ಜಗಳವಾಡದೆ ಇರುತ್ತಾರೆ ಎಂದಲ್ಲ. ಮನೆಗೆ ಮರಳುವ ದಾರಿಯಲ್ಲೇ ಯಾರ ಸೀರೆ ಹೆಚ್ಚು ನೆನೆಯಿತು, ಯಾರ ಸೀರೆ ಹೊಸದು ಎಂದು ಶುರುವಾಗುತ್ತದೆ. ಬೆಣ್ಣೆಗೆ ಜಗಳ, ಬಳೆಗೆ ಜಗಳ, ಅತ್ತೆಯ ಒಂದು ಮಾತಿಗೆ ಜಗಳ. ಆದರೆ ಆ ಊರಿನಲ್ಲಿ ಒಬ್ಬಳು ಕರೆದರೆ ಇನ್ನೊಬ್ಬಳು, ಕೈಯಲ್ಲಿ ಏನೇ ಇರಲಿ, ಬರುತ್ತಾಳೆ.